ಎಸ್ಪ್ರೆಸೊ ಯಂತ್ರ ಬಿಸಿಯಾಗುತ್ತಿದ್ದಂತೆ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ: ದೋಷ ಎಲ್ಲಿರಬಹುದು?

ಮಲೆನಾಡ_ಅಡುಗೆಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರದ ತೋಟದ ಮನೆ. ಇಲ್ಲಿ ಒಂದೇ ಬಾಯ್ಲರ್ ಇರುವ, 230 ವೋಲ್ಟ್, 1350 ವಾಟ್‌ನ ಎಸ್ಪ್ರೆಸೊ ಯಂತ್ರವಿದೆ. ಅದರ ವಾರಂಟಿ ಮುಗಿದು ಬಹಳ ಕಾಲವಾಯಿತು. ಮಳೆಗಾಲವನ್ನು ನಾವು ಮೈಸೂರಿನಲ್ಲಿ ಕಳೆದೆವು. ಅಷ್ಟು ದಿನವೂ ಯಂತ್ರ ಬಳಕೆಯಿಲ್ಲದೆ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಹಿಂದಿರುಗಿ ಬಂದು ನೀರು ತುಂಬಿ ಸ್ವಿಚ್ ಹಾಕಿದರೆ ದೀಪ ಹೊತ್ತಿಕೊಳ್ಳುತ್ತದೆ, ಪಂಪು ಓಡುತ್ತದೆ, ಬಾಯ್ಲರ್ ಬಿಸಿಯಾಗಲು ತೊಡಗುತ್ತದೆ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗಿ ಇಡೀ ಮನೆಯ ಕರೆಂಟ್ ಹೋಗುತ್ತದೆ. ಎಂಸಿಬಿಗಳು (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್ಚುಗಳು) ಯಾವುವೂ ಬೀಳುವುದಿಲ್ಲ. ಅದೇ ಆರ್‌ಸಿಸಿಬಿಯ ಮೇಲೆ 2000 ವಾಟ್‌ನ ಗೀಸರ್ ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ.

ಪ್ಲಗ್ ತೆಗೆದು, ಮೇಲಿನ ಮುಚ್ಚಳ ಬಿಚ್ಚಿ, ಹೀಟರಿನ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದಾಗ 39 ಓಮ್ ತೋರಿಸಿತು. ಹೀಟರಿನ ತುದಿಗೂ ಬಾಯ್ಲರಿನ ಮೈಗೂ ನಡುವೆ ಕಂಟಿನ್ಯುಯಿಟಿ ನೋಡಿದಾಗ ಬೀಪ್ ಬರಲಿಲ್ಲ. ಹಾಗಾಗಿ ಹೀಟರ್ ಸರಿಯಾಗಿದೆ ಎಂದು ಭಾವಿಸಿದ್ದೇನೆ. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, ಅರ್ಥಿಂಗ್ ಪಿನ್ ಇಲ್ಲದ ಅಡಾಪ್ಟರ್ ಹಾಕಿ ಯಂತ್ರವನ್ನು ನಡೆಸಿ ತೋರಿಸಿದರು. ಹಾಗೆ ಹಾಕಿದರೆ ಟ್ರಿಪ್ ಆಗುವುದೇ ಇಲ್ಲ. “ನಿಮ್ಮ ಆರ್‌ಸಿಸಿಬಿ ತೀರಾ ಸೂಕ್ಷ್ಮ, ಹೀಗೇ ಬಳಸಿ” ಎಂದು ಹೇಳಿ ಹೋದರು. ಹೀಗೆ ಬಳಸಬಹುದೇ? ದೋಷ ನಿಜವಾಗಿ ಯಂತ್ರದ್ದೋ, ಆರ್‌ಸಿಸಿಬಿಯದೋ?

ಪವರ್_ಹೌಸ್_ನಿವೃತ್ತ:

ಮೇಡಂ, ಮೊದಲು ಆ ಅಡಾಪ್ಟರನ್ನು ತೆಗೆದುಹಾಕಿ. ಉಳಿದ ಮಾತು ಆಮೇಲೆ.

ಆರ್‌ಸಿಸಿಬಿ ಮಾಡುವ ಕೆಲಸ ಒಂದೇ: ಫೇಸ್ ತಂತಿಯಲ್ಲಿ ಒಳಗೆ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಿತೇ ಎಂದು ಸದಾ ಹೋಲಿಸಿ ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರಿನದು, ವ್ಯತ್ಯಾಸ 15ರಿಂದ 30 ಮಿಲಿಆಂಪಿಯರಿನ ನಡುವೆ ಎಲ್ಲೋ ಒಂದು ಕಡೆ ಮುಟ್ಟಿದಾಗ ಬೀಳುತ್ತದೆ. ನಿಮ್ಮ ಯಂತ್ರದಲ್ಲಿ ಅಷ್ಟು ಕರೆಂಟ್ ಬಾಯ್ಲರಿನ ಲೋಹದ ಮೈಗೆ ಸೋರಿ, ಅಲ್ಲಿಂದ ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಇಳಿಯುತ್ತಿತ್ತು. ಅರ್ಥಿಂಗ್ ಪಿನ್ ತಪ್ಪಿಸಿದರೆ ಸೋರಿಕೆ ನಿಲ್ಲುವುದಿಲ್ಲ. ಇಳಿದುಹೋಗಲು ದಾರಿ ಇಲ್ಲದೆ ಯಂತ್ರದ ಮೈಯಲ್ಲೇ ಕಾದು ಕುಳಿತಿರುತ್ತದೆ. ಒಂದು ಕೈಯಲ್ಲಿ ಪೋರ್ಟಾಫಿಲ್ಟರ್ (ಕಾಫಿಪುಡಿ ತುಂಬುವ ಹಿಡಿಕೆ) ಹಿಡಿದು, ಇನ್ನೊಂದು ಕೈಯನ್ನು ಸ್ಟೀಲ್ ಸಿಂಕಿನ ನಲ್ಲಿಯ ಮೇಲೆ ಇಟ್ಟ ಕ್ಷಣ ಆ ದಾರಿ ನಿಮ್ಮ ಎದೆಯ ಮೂಲಕ ಸಿಗುತ್ತದೆ. ಆಗ ಆರ್‌ಸಿಸಿಬಿ ಬೀಳಬಹುದು, ಆದರೆ ಹೊಡೆತ ತಿಂದ ಮೇಲೆ ಬೀಳುತ್ತದೆ. ಅಂದಹಾಗೆ, ಅಡಾಪ್ಟರ್ ಹಾಕಿದಾಗ ಟ್ರಿಪ್ ಆಗಲಿಲ್ಲ ಎಂಬುದೇ ಆರ್‌ಸಿಸಿಬಿ ಸರಿಯಾಗಿದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಅದು ಸುಮ್ಮಸುಮ್ಮನೆ ಬೀಳುವಂಥದ್ದಾಗಿದ್ದರೆ ಅರ್ಥಿಂಗ್ ಇದ್ದರೂ ಇಲ್ಲದಿದ್ದರೂ ಬೀಳುತ್ತಿತ್ತು.

ಇನ್ನು ಮೀಟರಿನ ವಿಚಾರ. 39 ಓಮ್ ಸರಿಯಾದ ಲೆಕ್ಕವೇ. 230ರ ವರ್ಗವನ್ನು 1350ರಿಂದ ಭಾಗಿಸಿದರೆ 39ರ ಹತ್ತಿರವೇ ಬರುತ್ತದೆ. ಅಂದರೆ ಒಳಗಿನ ನಿಕ್ರೋಮ್ ತಂತಿ ತುಂಡಾಗಿಲ್ಲ ಎಂದಷ್ಟೇ ಅರ್ಥ. ಬೀಪ್ ಬರಲಿಲ್ಲ ಎಂಬುದರಿಂದ ಮಾತ್ರ ಏನೂ ತಿಳಿಯುವುದಿಲ್ಲ. ಬೀಪ್ ಬರುವುದು ಕೆಲವೇ ಹತ್ತು ಓಮ್‌ಗಳ ಒಳಗೆ. 20 ಮಿಲಿಆಂಪಿಯರ್ ಸೋರಲು 11,500 ಓಮ್‌ನ ದಾರಿ ಸಾಕು, ಅದಕ್ಕೆ ಮೀಟರ್ ಬೀಪ್ ಎನ್ನುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಮೀಟರಿನಲ್ಲಿರುವ ಅತಿ ದೊಡ್ಡ ಓಮ್ ರೇಂಜಿಗೆ ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಇನ್ನೊಂದು ಮುಖ್ಯ ಮಾತು: ತಣ್ಣಗಿರುವಾಗ ಅಳೆದರೆ ಸಾಲದು. ನಿಮ್ಮ ಯಂತ್ರದ ದೋಷ ಬಿಸಿಯಲ್ಲಿ ಕಾಣಿಸುವಂಥದ್ದು. ಟ್ರಿಪ್ ಆದ ಕೂಡಲೇ ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಹೊರಗೆಳೆದು, ಬಾಯ್ಲರ್ ಇನ್ನೂ ಬಿಸಿಯಿರುವಾಗಲೇ ಹೀಟರಿನ ಎರಡೂ ತಂತಿಗಳನ್ನು ಕಳಚಿ, ಒಂದೊಂದು ತುದಿಗೂ ಬಾಯ್ಲರಿನ ಮೈಗೂ ನಡುವೆ ಅಳೆಯಬೇಕು. ಕೈ ಸುಡದಂತೆ ನೋಡಿಕೊಳ್ಳಿ.

ಗೋಡೆಯ ಸ್ವಿಚ್ಚನ್ನು ಆರಿಸಿದ ಮಾತ್ರಕ್ಕೆ ಒಳಗೆ ಕೈ ಹಾಕಬೇಡಿ. ನಮ್ಮ ಮನೆಗಳ ಸ್ವಿಚ್ಚು ಫೇಸನ್ನು ಮಾತ್ರ ಕಡಿಯುತ್ತದೆ, ಅದೂ ವೈರಿಂಗ್ ಮಾಡಿದವರು ಸರಿಯಾಗಿ ಜೋಡಿಸಿದ್ದರೆ.

ಜಯನಗರ_ಡಿಕಾಕ್ಷನ್:

ಮೇಲಿನವರ ಮಾತಿಗೆ ನನ್ನದೂ ಸಹಮತವಿದೆ. ಇಂಥ ಯಂತ್ರಗಳನ್ನು ಹವ್ಯಾಸಕ್ಕಾಗಿ ಬಿಚ್ಚಿ ಜೋಡಿಸುವವಳಾಗಿ ಒಂದು ವಿಷಯ ಸೇರಿಸುತ್ತೇನೆ: ಟ್ರಿಪ್ ಆಗುವುದು ಯಾವ ಹೊತ್ತಿನಲ್ಲಿ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಸ್ವಿಚ್ ಹಾಕಿದ ಕ್ಷಣದಲ್ಲೇ ಬಿದ್ದರೆ ವೈರು, ಪ್ಲಗ್ಗು, ಒಳಬರುವ ಕರೆಂಟಿನ ಫಿಲ್ಟರು ಅಥವಾ ಪೂರ್ತಿ ಕೆಟ್ಟ ಹೀಟರನ್ನು ಅನುಮಾನಿಸಬೇಕು. ಕಾಫಿ ಇಳಿಸುವ ಗುಂಡಿ ಒತ್ತಿದಾಗ ಮಾತ್ರ ಬಿದ್ದರೆ ಪಂಪು ಅಥವಾ ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವಿನ ಕಾಯಿಲ್; ವಾಲ್ವಿನ ಬುಡದಿಂದ ಸೋರಿದ ನೀರು ಕಾಯಿಲಿನ ಒಳಗೆ ಇಳಿದು ಹೀಗಾಗುವುದು ಸಾಮಾನ್ಯ. ಸ್ಟೀಮ್ ಗುಂಡಿ ಒತ್ತಿದ ಮೇಲೆ ಬಿದ್ದರೆ, ಹೀಟರ್ ಅತಿ ಹೆಚ್ಚು ಬಿಸಿಯಾಗುವ ಹಂತ ಅದು, ಜೊತೆಗೆ ಒತ್ತಡ ಏರಿ ಎಲ್ಲೋ ಒಂದು ಗ್ಯಾಸ್ಕೆಟ್ಟಿನಿಂದ ಆವಿ ನುಗ್ಗಿ ಟರ್ಮಿನಲ್‌ಗಳ ಮೇಲೆ ಬೀಳುತ್ತಿರಬಹುದು. ನಿಮ್ಮಲ್ಲಿ ಪಂಪು ಓಡಿದರೂ ಬೀಳುವುದಿಲ್ಲ, ಬಿಸಿಯಾಗುತ್ತಾ ಹೋದಂತೆ ಬೀಳುತ್ತದೆ ಎಂದಿದ್ದೀರಿ. ಹೀಗಾಗಿ ಹೀಟರ್ ಅಥವಾ ಹೀಟರಿನ ಮೇಲೆ ನೀರು ಬೀಳುವಂತೆ ಮಾಡುತ್ತಿರುವ ಸೋರಿಕೆ, ಇವೆರಡರಲ್ಲಿ ಒಂದಿರಬೇಕು.

ಇವೆರಡನ್ನು ಬೇರ್ಪಡಿಸುವುದು ಕಣ್ಣಿನಿಂದಲೇ ಸಾಧ್ಯ. ಟಾರ್ಚ್ ಹಿಡಿದು ಬಾಯ್ಲರಿನ ತಲೆಯನ್ನು ನೋಡಿ. ಹೀಟರಿನ ಎರಡು ಕಾಲುಗಳು ಲೋಹದ ತಟ್ಟೆಯಿಂದ ಹೊರಬರುವ ಜಾಗದಲ್ಲಿ, ಪ್ರತಿ ಕಾಲಿನ ತುದಿಯಲ್ಲೂ ಚಿಕ್ಕದೊಂದು ಬಿಳಿ ಪಿಂಗಾಣಿ ಬಳೆಯೋ ರಬ್ಬರಿನಂಥ ಮುದ್ರೆಯೋ (ಸೀಲ್) ಇರುತ್ತದೆ. ಅದರ ನಡುವಿನಿಂದ ಕಡ್ಡಿ ಹೊರಬಂದು ಅದಕ್ಕೆ ತಂತಿಯ ಲಗ್ (ತುದಿಯ ಲೋಹದ ಕ್ಲಿಪ್) ಸಿಕ್ಕಿಸಿರುತ್ತಾರೆ. ಆ ಬಳೆ ಬಿರುಕು ಬಿಟ್ಟಿದೆಯೇ, ಮುದ್ರೆ ಕಂದಿ ಕಪ್ಪಾಗಿದೆಯೇ, ಲಗ್ಗಿನ ಮೇಲೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ನೀರು ಸೋರಿದ್ದರೆ ಆವಿಯಾಗಿ ಹೋದರೂ ಸುಣ್ಣದ ಬಿಳಿ ಗೆರೆ ಉಳಿದಿರುತ್ತದೆ; ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಸಾಮಾನ್ಯವಾಗಿ ಸ್ಟೀಮ್ ವಾಲ್ವಿನ ನಟ್ಟೋ ಬಾಯ್ಲರಿನ ಓ-ರಿಂಗೋ ಸಿಗುತ್ತದೆ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಈ ಗೆರೆ ತಪ್ಪದೆ ಕಾಣುತ್ತದೆ. ಅಲ್ಲಿ ಇನ್ನೊಂದು ಅಪಾಯವೂ ಇದೆ: ಹೀಟರಿನ ಮೇಲೆಯೇ ಸುಣ್ಣ ಗಟ್ಟಿಯಾಗಿ ಕೂತರೆ ಬಿಸಿ ನೀರಿಗೆ ದಾಟದೆ, ಒಳಗಿನ ಕೊಳವೆ ಅತಿಯಾಗಿ ಕಾದು ಸೀಳುತ್ತದೆ.

ಒಂದು ಎಚ್ಚರಿಕೆ: ಪಂಪನ್ನು ಮೀಟರಿನಲ್ಲಿ ಅಳೆದು ಒಂದು ಕಡೆಯಿಂದ ಒಂದು ಲೆಕ್ಕ, ತಂತಿ ಅದಲುಬದಲು ಮಾಡಿದರೆ ಇನ್ನೊಂದು ಲೆಕ್ಕ ಬಂದರೆ ಗಾಬರಿಯಾಗಬೇಡಿ. ಈ ಕಂಪಿಸುವ ಪಂಪುಗಳ ಒಳಗೆ ಡಯೋಡ್ ಇರುವುದು ವಾಡಿಕೆ.

ಸ್ವಂತ_ರಿಪೇರಿ:

ಎಲ್ಲರೂ ಹೀಟರಿನ ಮೇಲೆಯೇ ಬಿದ್ದಿರುವುದರಿಂದ ಆರ್‌ಸಿಸಿಬಿಯ ಪರವಾಗಿಯಲ್ಲದಿದ್ದರೂ ಮನೆಯ ಉಳಿದ ವೈರಿಂಗಿನ ವಿರುದ್ಧವಾಗಿ ಎರಡು ಮಾತು ಹೇಳಬೇಕೆನಿಸಿತು. ಫ್ರಿಜ್ಜು, ವಾಷಿಂಗ್ ಮಷೀನು, ಕಂಪ್ಯೂಟರು, ಎಲ್‌ಇಡಿ ದೀಪಗಳ ಡ್ರೈವರು ಇವೆಲ್ಲವೂ ಒಂದೊಂದು ಚೂರು ಕರೆಂಟನ್ನು ಅರ್ಥಿಂಗ್‌ಗೆ ಸದಾ ಬಿಡುತ್ತಿರುತ್ತವೆ. ಅವುಗಳ ಫಿಲ್ಟರಿನ ಕೆಪಾಸಿಟರುಗಳ ಸ್ವಭಾವವೇ ಅದು, ದೋಷವಲ್ಲ. ತೇವ ಹಿಡಿದ ಗೋಡೆಯೊಳಗಿನ ಹಳೆಯ ತಂತಿಯೂ ತನ್ನ ಪಾಲು ಸೇರಿಸುತ್ತದೆ. ಇವೆಲ್ಲ ಕೂಡಿ ಮೊದಲೇ 8-10 ಮಿಲಿಆಂಪಿಯರ್ ಆಗಿದ್ದರೆ ಎಸ್ಪ್ರೆಸೊ ಯಂತ್ರ ಇನ್ನಷ್ಟೇ ಸೋರಿದರೂ ಆರ್‌ಸಿಸಿಬಿ ಬೀಳುತ್ತದೆ. ಉಳಿದ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಈ ಯಂತ್ರವೊಂದನ್ನೇ ಹಾಕಿ ನೋಡಿ. ಎರಡು ನಿಮಿಷಕ್ಕೆ ಬದಲು ಆರು ನಿಮಿಷಕ್ಕೆ ಬಿದ್ದರೆ ಪಾಲು ಎಷ್ಟೆಷ್ಟು ಎಂಬ ಅಂದಾಜು ಸಿಗುತ್ತದೆ. ಸಾಧ್ಯವಿದ್ದರೆ ಅರ್ಥಿಂಗ್ ಗಟ್ಟಿಯಾಗಿರುವ ಬೇರೆ ಮನೆಯ ಆರ್‌ಸಿಸಿಬಿಯ ಮೇಲೂ ನೋಡಿ.

ಇನ್ವರ್ಟರ್ ಇದ್ದರೆ ಅದನ್ನೂ ಗಮನಿಸಬೇಕು. ಇನ್ವರ್ಟರಿನ ನ್ಯೂಟ್ರಲನ್ನು ಆರ್‌ಸಿಸಿಬಿಯ ಆಚೆಗಿನ ನ್ಯೂಟ್ರಲಿನ ಜೊತೆ ಕಲಸಿಬಿಟ್ಟಿರುವ ಮನೆಗಳು ಎಷ್ಟೋ ಇವೆ. ಅಲ್ಲಿ ಯಾವ ದೊಡ್ಡ ಯಂತ್ರ ಹಾಕಿದರೂ ಆರ್‌ಸಿಸಿಬಿ ತಲೆ ಕೆಡಿಸಿಕೊಳ್ಳುತ್ತದೆ. ನಿಮ್ಮ ಗೀಸರ್ ಸರಿಯಾಗಿ ನಡೆಯುತ್ತಿರುವುದರಿಂದ ಈ ಸಾಧ್ಯತೆ ಕಡಿಮೆ.

ಇದೆಲ್ಲ ಗೊಂದಲವೇ ಬೇಡವೆಂದರೆ 100 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಳ್ಳಬಹುದು ಎಂದು ಅಂಗಡಿಯವರು ಹೇಳುತ್ತಾರೆ. ಅದು ಆದೀತೇ ಎಂಬುದನ್ನು ತಿಳಿದವರು ಹೇಳಬೇಕು.

ಪವರ್_ಹೌಸ್_ನಿವೃತ್ತ:

ಆಗದು. 100 ಮಿಲಿಆಂಪಿಯರಿನದು ಸೋರಿಕೆಯಿಂದ ಬೆಂಕಿ ಹತ್ತುವುದನ್ನು ತಡೆಯಲೆಂದು ಇರುವಂಥದ್ದು. ಮನುಷ್ಯರ ಜೀವ ಕಾಯಲು 30 ಮಿಲಿಆಂಪಿಯರೇ ಬೇಕು. ಮೈನ್‌ನಲ್ಲಿ 100 ಹಾಕಿ, ಅಡುಗೆಮನೆ ಮತ್ತು ಬಚ್ಚಲುಮನೆಯ ಸಾಲಿಗೆ ಬೇರೆಯಾಗಿ 30ರದನ್ನು ಹಾಕುವ ಕ್ರಮವಿದೆ, ಅದು ಒಳ್ಳೆಯದೇ. ಆಗ ಒಂದು ಕಡೆ ಬಿದ್ದರೆ ಇಡೀ ಮನೆ ಕತ್ತಲಾಗುವುದಿಲ್ಲ. ಆದರೆ 30ನ್ನು ತೆಗೆದು 100 ಹಾಕುವುದೆಂದರೆ, ಅರ್ಥಿಂಗ್ ಪಿನ್ ತಪ್ಪಿಸುವ ಕೆಲಸವನ್ನೇ ಹೆಚ್ಚು ದುಡ್ಡು ಕೊಟ್ಟು ಮಾಡಿಸಿದಂತೆ.

ನೀವು ಹೇಳಿದ ಉಳಿದ ಸೋರಿಕೆಗಳ ವಿಚಾರ ಸರಿ. ಅದಕ್ಕೊಂದು ಸೇರ್ಪಡೆ: ಹೀಟರ್ ತನ್ನ ನ್ಯೂಟ್ರಲ್ ತುದಿಯ ಹತ್ತಿರ ಮೈಗೆ ತಾಗಿದ್ದರೆ ಅಲ್ಲಿ ವೋಲ್ಟೇಜೇ ಹೆಚ್ಚಿಲ್ಲವಾದ್ದರಿಂದ ಸೋರಿಕೆ ಸ್ವಲ್ಪವೇ ಇರುತ್ತದೆ. ಅಂಥ ಯಂತ್ರದ ಸ್ವಿಚ್ ಆರಿಸಿದ್ದರೂ ಪ್ಲಗ್ ಸಾಕೆಟ್ಟಿನಲ್ಲಿಯೇ ಇದ್ದು, ಅತ್ತ ಯಾರೋ ಗೀಸರ್ ಹಾಕಿದಾಗ ಇತ್ತ ಆರ್‌ಸಿಸಿಬಿ ಬೀಳುತ್ತದೆ. ಜನ ಗೀಸರನ್ನು ಬಿಚ್ಚಿ ನೋಡುತ್ತಾ ಕೂರುತ್ತಾರೆ. ಈ ಕಾರಣಕ್ಕೇ ಹೀಟರಿನ ಎರಡೂ ತುದಿಗಳನ್ನು ಕಳಚಿ ಅಳೆಯಬೇಕೆಂದು ಹೇಳಿದೆ.

ಮಲೆನಾಡ_ಅಡುಗೆಮನೆ:

ಎಲ್ಲರಿಗೂ ಧನ್ಯವಾದ. ಅಡಾಪ್ಟರನ್ನು ತೆಗೆದಿದ್ದೇನೆ. ತಾವು ಹೇಳಿದಂತೆ ಟ್ರಿಪ್ ಆದ ಕೂಡಲೇ ಪ್ಲಗ್ ಕಿತ್ತು, ಬಿಸಿಯಿರುವಾಗಲೇ ಅಳೆದೆ. ಒಂದು ತುದಿಯಿಂದ ಬಾಯ್ಲರಿನ ಮೈಗೆ ಸುಮಾರು 15 ಸಾವಿರ ಓಮ್ ಬಂತು. ಇನ್ನೊಂದು ತುದಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಯಂತ್ರ ತಣ್ಣಗಾಗುತ್ತಾ ಬಂದಂತೆ ಸಂಖ್ಯೆ ಏರುತ್ತಾ ಹೋಗಿ ಕೊನೆಗೆ ಮೀಟರಿನ ಅಳತೆ ಮೀರಿತು. ಉಳಿದೆಲ್ಲ ಪ್ಲಗ್ ಕಿತ್ತು ನೋಡಿದಾಗ ಟ್ರಿಪ್ ಆಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಆದರೆ ಆಗದೆ ಇರಲಿಲ್ಲ. ಟಾರ್ಚಿನಲ್ಲಿ ನೋಡಿದರೆ ನೀರಿನ ಬಿಳಿ ಗೆರೆ ಎಲ್ಲೂ ಇಲ್ಲ. ಹೀಟರಿನ ಒಂದು ಕಾಲಿನ ತುದಿಯ ಮುದ್ರೆ ಮಾತ್ರ ಅಂಚಿನಲ್ಲಿ ಬಿಟ್ಟುಕೊಂಡಿದ್ದು, ಬೆರಳಿನಿಂದ ಮುಟ್ಟಿದಾಗ ಪುಡಿಯಾಗಿ ಉದುರಿತು. ಹೀಟರನ್ನು ಬದಲಿಸದೆ ಸರಿಪಡಿಸಲು ಬರುತ್ತದೆಯೇ?

ಕಾಯಿಲ್_ಕಟ್ಟುವವ:

ಮೋಟಾರ್ ರಿವೈಂಡಿಂಗ್ ಕೆಲಸದವನು ನಾನು. ನಮ್ಮ ಕೈಗೆ ಬರುವ ಹೀಟರುಗಳಲ್ಲಿ ಇದು ತೀರಾ ಪರಿಚಿತ ರೋಗ. ಹೀಟರೆಂದರೆ ಲೋಹದ ಕೊಳವೆ, ಅದರ ನಡುವೆ ನಿಕ್ರೋಮ್ ಸುರುಳಿ, ಎರಡರ ನಡುವೆ ಗಟ್ಟಿಯಾಗಿ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡಿನ ಬಿಳಿ ಪುಡಿ. ಬಿಸಿಯನ್ನು ದಾಟಿಸಿ ಕರೆಂಟನ್ನು ತಡೆಯುವ ಆ ಪುಡಿಗೆ ಒಂದು ದುರ್ಗುಣವಿದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದಕ್ಕೇ ತುದಿಗಳಿಗೆ ಮುದ್ರೆ ಹಾಕಿರುತ್ತಾರೆ. ನಿಮ್ಮಲ್ಲಿ ಮುದ್ರೆ ಪುಡಿಯಾಗಿದೆ, ಯಂತ್ರವು ಸಕಲೇಶಪುರದ ಇಡೀ ಮಳೆಗಾಲ ಬಿಸಿಯನ್ನೇ ಕಾಣದೆ ಕೂತಿತ್ತು. ದಿನವೂ ಬಳಸುತ್ತಿದ್ದರೆ ಆಯಾ ದಿನದ ತೇವ ಆಯಾ ದಿನವೇ ಆರುತ್ತಿತ್ತು. ಈಗ ಹೀಟರ್ ಕಾಯುವಾಗ ಒಳಗಿನ ತೇವ ಆವಿಯಾಗಿ ತುದಿಯ ಕಡೆಗೆ ಸರಿಯುತ್ತದೆ, ಜೊತೆಗೆ ಆ ಪುಡಿಯ ತಡೆಯೂ ಬಿಸಿ ಏರಿದಂತೆ ಇಳಿಯುವ ಸ್ವಭಾವದ್ದು. 15 ಸಾವಿರ ಓಮ್ ಎಂದರೆ ಹತ್ತಿರ ಹತ್ತಿರ 15 ಮಿಲಿಆಂಪಿಯರ್. ಮನೆಯ ಉಳಿದ ಸೋರಿಕೆ ಸೇರಿದರೆ ಬೇಗ, ಸೇರದಿದ್ದರೆ ತಡವಾಗಿ ಬೀಳುವುದಕ್ಕೆ ಲೆಕ್ಕ ಸರಿಯಾಗಿಯೇ ಹೊಂದುತ್ತದೆ.

ಒಣಗಿಸಿ ನೋಡಬಹುದು. ಆದರೆ ಆರ್‌ಸಿಸಿಬಿಯನ್ನು ತಪ್ಪಿಸಿ ಯಂತ್ರದ ಕರೆಂಟಿನಲ್ಲೇ ಕಾಯಿಸಿ ಒಣಗಿಸುವ ದಾರಿಯನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಹೀಟರ್ ಬಿಚ್ಚಿ ಬರುವಂಥದ್ದಾದರೆ ಬಾಯ್ಲರ್ ತಣ್ಣಗಾಗಿ, ಒತ್ತಡ ಇಳಿದು, ನೀರು ಖಾಲಿಯಾದ ಮೇಲೆ ಹೊರತೆಗೆಯಿರಿ. ರಬ್ಬರ್ ಗ್ಯಾಸ್ಕೆಟ್ ಕಳಚಿಟ್ಟು, ಓಟಿಜಿಯಲ್ಲಿ (ಅಡುಗೆಮನೆಯ ಓವನ್) 110-120 ಡಿಗ್ರಿಗೆ ಕೆಲವು ಗಂಟೆ ಇಡಿ. ಬಾಯ್ಲರಿನ ಅಲ್ಯುಮಿನಿಯಂ ಒಳಗೇ ಹೀಟರನ್ನು ಎರಕ ಹೊಯ್ದ ಮಾದರಿಯಾಗಿದ್ದರೆ ಬಾಯ್ಲರನ್ನೇ, ಪ್ಲಾಸ್ಟಿಕ್, ರಬ್ಬರ್, ಥರ್ಮೋಸ್ಟಾಟ್, ಥರ್ಮಲ್ ಫ್ಯೂಸ್ ಎಲ್ಲ ತೆಗೆದು, ಇಡಬೇಕಾಗುತ್ತದೆ.

ಆಮೇಲೆ ಅದನ್ನು ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರ್ ಕಟ್ಟುವ ಯಾವುದಾದರೂ ಅಂಗಡಿಗೆ ಒಯ್ಯಿರಿ. ಅವರ ಬಳಿ 500 ವೋಲ್ಟಿನ ಮೆಗ್ಗರ್ ಇರುತ್ತದೆ, ಒಂದು ನಿಮಿಷದ ಕೆಲಸ. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಕಾಣದ ಸೋರಿಕೆ ಅದಕ್ಕೆ ಕಾಣುತ್ತದೆ. ಯಂತ್ರವನ್ನು ಹಾಗೇ ಹೊತ್ತುಕೊಂಡು ಹೋಗಿ ಪ್ಲಗ್ಗಿನ ಪಿನ್ನುಗಳಿಗೆ ಮೆಗ್ಗರ್ ಕೊಡಿಸಬೇಡಿ. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದ್ದರೆ 500 ವೋಲ್ಟಿಗೆ ಅದು ಸುಟ್ಟುಹೋಗಬಹುದು. ಬರೀ ಹೀಟರನ್ನು ಅಳೆಸಿ. ಒಂದು ಮೆಗಓಮ್‌ಗಿಂತ ಕಡಿಮೆ ಬಂದರೆ ಅದು ಗುಜರಿಗೆ. ಹತ್ತಾರು ಮೆಗಓಮ್ ಬಂದರೂ ಅಷ್ಟಕ್ಕೇ ನಂಬದೆ, ಎರಡು ದಿನ ಅಡುಗೆಮನೆಯ ಗಾಳಿಗೆ ಬಿಟ್ಟು ಮತ್ತೊಮ್ಮೆ ಅಳೆಸಬೇಕು.

ಮಲೆನಾಡ_ಅಡುಗೆಮನೆ:

ಹೀಟರ್ ಬಿಚ್ಚಿ ಬರುವ ಮಾದರಿಯೇ ಆಗಿತ್ತು. ಓಟಿಜಿಯಲ್ಲಿ ಒಣಗಿಸಿದ ದಿನ ಪೇಟೆಯ ರಿವೈಂಡಿಂಗ್ ಅಂಗಡಿಯವರು ಅಳೆದಾಗ 30 ಮೆಗಓಮ್ ದಾಟಿತು, ನನಗೆ ಬಹಳ ಸಂತೋಷವಾಯಿತು. ಎರಡು ದಿನ ಬಿಟ್ಟು ಮತ್ತೆ ಒಯ್ದರೆ ಅರ್ಧ ಮೆಗಓಮ್‌ಗೂ ಕಡಿಮೆ. ಮುದ್ರೆ ಇಲ್ಲದ ತುದಿಯಿಂದ ಮತ್ತೆ ತೇವ ಎಳೆದುಕೊಂಡಿದೆ ಎಂದು ಅವರೂ ಹೇಳಿದರು. ಹೊಸ ಹೀಟರ್ ತರಿಸುವುದೆಂದು ತೀರ್ಮಾನಿಸಿದ್ದೇನೆ. ಆನ್‌ಲೈನ್‌ನಲ್ಲಿ ನಮ್ಮ ಮಾದರಿಯದೇ ಆಕಾರದ ಎರಡು ಬೆಲೆಯ ಹೀಟರುಗಳು ಕಾಣುತ್ತಿವೆ. ಕೊಳ್ಳುವಾಗ, ಜೋಡಿಸುವಾಗ ಏನನ್ನು ಗಮನಿಸಬೇಕು?

ಜಯನಗರ_ಡಿಕಾಕ್ಷನ್:

ಮೊದಲು ವೋಲ್ಟೇಜ್ ನೋಡಿ. ಒಂದೇ ಆಕಾರದ ಹೀಟರ್ ಅಮೆರಿಕದ 120 ವೋಲ್ಟಿಗೂ ಬರುತ್ತದೆ, ಅಗ್ಗದ ಬೆಲೆಗೆ ಸಿಗುವುದು ಹಲವೊಮ್ಮೆ ಅದೇ. 120 ವೋಲ್ಟಿನ 1350 ವಾಟ್ ಹೀಟರಿನ ತಡೆ 11 ಓಮ್‌ಗಿಂತಲೂ ಕಡಿಮೆ. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಅದು 5000 ವಾಟ್‌ನ ಹತ್ತಿರ ಎಳೆಯುತ್ತದೆ. ಪಾರ್ಸೆಲ್ ಬಂದ ಮೇಲೆ ಜೋಡಿಸುವ ಮುನ್ನ ಮೀಟರಿನಲ್ಲಿ 39ರ ಆಸುಪಾಸು ಇದೆಯೇ ಎಂದು ನೋಡಿಬಿಡಿ. ಹೀಟರಿನ ಜೊತೆಗೆ ಗ್ಯಾಸ್ಕೆಟ್ಟನ್ನೂ ಹೊಸದೇ ತರಿಸಿ, ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ.

ಲಗ್ಗುಗಳು ಸಡಿಲವಾಗಿದ್ದರೆ ಇಕ್ಕಳದಿಂದ ಒಂದಿಷ್ಟು ಬಿಗಿ ಮಾಡಿ. ನೀಲಿಗಟ್ಟಿದ ಅಥವಾ ಸುಟ್ಟ ಲಗ್ಗನ್ನು ಕತ್ತರಿಸಿ ಹೊಸದು ಹಾಕಿಸಿ. 1350 ವಾಟ್ ಎಂದರೆ ಆರು ಆಂಪಿಯರಿನ ಹತ್ತಿರದ ಕರೆಂಟು, ಸಡಿಲ ಲಗ್ಗು ಅದನ್ನು ತಡೆಯಲಾರದು. ಇದೇ ಕಾರಣಕ್ಕೆ ಯಂತ್ರವನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕದೆ 16 ಆಂಪಿಯರಿನ ಪವರ್ ಪಾಯಿಂಟಿನಲ್ಲಿ ಬಳಸುವುದು ಒಳ್ಳೆಯದು. ತಂತಿ ಬದಲಿಸಬೇಕಾದರೆ ಸಾಮಾನ್ಯ ಪಿವಿಸಿ ತಂತಿ ಹಾಕಬೇಡಿ, ಬಾಯ್ಲರಿನ ಪಕ್ಕದಲ್ಲಿ ಕರಗುತ್ತದೆ. ಸಿಲಿಕಾನ್ ಅಥವಾ ಫೈಬರ್‌ಗ್ಲಾಸ್ ಹೊದಿಕೆಯದೇ ಬೇಕು. ಥರ್ಮೋಸ್ಟಾಟ್ ಕಳಚಿದ್ದರೆ ಹಿಂದೆ ಹಾಕುವಾಗ ಅದರ ತಳಕ್ಕೆ ತೆಳುವಾಗಿ ಥರ್ಮಲ್ ಪೇಸ್ಟ್ ಹಚ್ಚಿ. ಬಿಸಿ ಅದಕ್ಕೆ ತಡವಾಗಿ ಮುಟ್ಟಿದರೆ ಬಾಯ್ಲರ್ ಮಿತಿ ಮೀರಿ ಕಾಯುತ್ತದೆ, ಆಗ ಥರ್ಮಲ್ ಫ್ಯೂಸ್ ಸುಟ್ಟು ಇನ್ನೊಂದು ರಿಪೇರಿ ಹುಟ್ಟಿಕೊಳ್ಳುತ್ತದೆ.

ಪವರ್_ಹೌಸ್_ನಿವೃತ್ತ:

ಜೋಡಣೆ ಮುಗಿದ ಮೇಲೆ, ಪ್ಲಗ್ ಹಾಕುವ ಮುನ್ನ, ಪ್ಲಗ್ಗಿನ ದಪ್ಪ ಪಿನ್ನಿಗೂ ಬಾಯ್ಲರಿನ ಲೋಹಕ್ಕೂ ನಡುವೆ ಒಂದು ಓಮ್‌ಗಿಂತ ಕಡಿಮೆ ಇದೆಯೇ ಎಂದು ಅಳೆಯಿರಿ. ಬಿಚ್ಚಿ ಜೋಡಿಸಿದ ಯಂತ್ರಗಳಲ್ಲಿ ಮರೆತು ಬಿಡುವ ತಂತಿ ಎಂದರೆ ಹಸಿರು ಬಣ್ಣದ ಅರ್ಥಿಂಗ್ ತಂತಿಯೇ. ಅದಿಲ್ಲದಿದ್ದರೂ ಯಂತ್ರ ನಡೆಯುತ್ತದೆ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಆ ಸಾಕೆಟ್ಟಿನ ಅರ್ಥಿಂಗ್ ನಿಜವಾಗಿ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿಯವರೆಗೆ ಹೋಗಿದೆಯೇ ಎಂಬುದನ್ನು ಬೇರೊಬ್ಬ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ, ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನೂ ಒಮ್ಮೆ ಒತ್ತಿ ಅದು ಬೀಳುತ್ತದೆಯೇ ಎಂದು ನೋಡಿ.

ಮೊದಲ ಸಲ ಹಾಕುವಾಗ ಬಾಯ್ಲರ್ ಖಾಲಿ ಇರುತ್ತದೆ. ಕೆಲವು ಯಂತ್ರಗಳಲ್ಲಿ ಮುಖ್ಯ ಸ್ವಿಚ್ ಹಾಕಿದ ಕೂಡಲೇ ಹೀಟರ್ ಕಾಯಲು ಶುರುವಾಗುತ್ತದೆ. ಅದಕ್ಕೇ ಟ್ಯಾಂಕಿನಲ್ಲಿ ನೀರು ತುಂಬಿ, ಸ್ವಿಚ್ ಹಾಕಿದ ಕ್ಷಣವೇ ಪಂಪನ್ನೂ ಓಡಿಸಿ, ಗ್ರೂಪಿನಿಂದ (ಕಾಫಿ ಇಳಿಯುವ ಭಾಗ) ನೀರು ಎಡೆಬಿಡದೆ ಬರುವವರೆಗೂ ಬಿಡಬೇಡಿ. ನೀರಿಲ್ಲದೆ ಕಾಯ್ದ ಹೊಸ ಹೀಟರು ಹಳೆಯದಕ್ಕಿಂತ ಬೇಗ ಹೋಗುತ್ತದೆ.